ಕಟ್ಟಿಹಾಕಿದ ಬೆಕ್ಕಿಗೆ ಒಣಮೀನು

ಬೆಕ್ಕು ಏನು ತಿನ್ನಬೇಕು ಎಂಬುದನ್ನು ನಮ್ಮ ಮನೆಯ ಮೂವರು ಗಂಡಸರು ಜಗಲಿಯ ಮೇಲೆ ಕೂತು ತೀರ್ಮಾನ ಮಾಡಿದರು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಆ ಮೂವರಲ್ಲಿ ಒಬ್ಬರಾದರೂ ಆ ಬೆಕ್ಕಿಗೆ ಒಂದು ದಿನ ಒಂದು ತುತ್ತು ಹಾಕಿದವರಲ್ಲ. ಅದು ಗಂಡೋ ಹೆಣ್ಣೋ ಎಂಬುದೇ ನನ್ನ ಚಿಕ್ಕಮಾವನಿಗೆ ಗೊತ್ತಿರಲಿಲ್ಲ, ಅದರ ಹೊಟ್ಟೆಯ ವಿಚಾರ ಮಾತ್ರ ಗೊತ್ತಿತ್ತು.

ಐವತ್ತರ ದಶಕದ ನಡುವಿನ ಮಾತು ಇದು. ನಾನು ಗುಂಡ್ಲುಪೇಟೆಯ ಹುಡುಗಿ. ಮದುವೆಯಾಗಿ ಚಾಮರಾಜನಗರದ ಪಕ್ಕದ ಹಳ್ಳಿಗೆ ಬಂದು ಎರಡು ವರ್ಷವಾಗಿತ್ತು. ಪೇಟೆಯಿಂದ ಪುಣಜನೂರಿನ ರಸ್ತೆ ಹಿಡಿದು ಅರ್ಧ ಗಂಟೆ ನಡೆದರೆ ನಮ್ಮ ಮನೆ. ಹೊಲದಲ್ಲಿ ಅರಿಸಿನ, ಹಿತ್ತಲಿಗೆ ಅಂಟಿಕೊಂಡಂತೆ ಉದ್ದನೆಯ ಹುಳುಮನೆ, ಅದರೊಳಗೆ ಬಿದಿರಿನ ತಟ್ಟೆಗಳಲ್ಲಿ ರೇಷ್ಮೆಹುಳು. ಹುಳು ಸಾಕುವವರಿಗೆ ಇಲಿಯಂಥ ಶತ್ರು ಇನ್ನೊಂದಿಲ್ಲ. ತಿಂಗಳಿಡೀ ಹಿಪ್ಪುನೇರಳೆ ಸೊಪ್ಪು ಹಾಕಿ ಮಗುವಿನಂತೆ ನೋಡಿಕೊಂಡ ಹುಳು ಬೆರಳುಗಾತ್ರ ಆಗುವ ಹೊತ್ತಿಗೆ ಇಲಿ ಬಂದು ತಟ್ಟೆಯನ್ನೇ ಬರಿದು ಮಾಡಿಬಿಡುತ್ತದೆ. ಅದಕ್ಕಾಗಿಯೇ ನಮ್ಮ ಮನೆಯಲ್ಲಿ ಬೆಕ್ಕು ಇದ್ದದ್ದು. ಬೂದುಬಣ್ಣದ ಹೆಣ್ಣು ಬೆಕ್ಕು, ಒಂದು ಕಿವಿ ಹರಿದಿತ್ತು. ಆ ಬೇಸಗೆಯಲ್ಲಿ ಅದು ಹುಳುಮನೆಯ ಮೂಲೆಯ ಹಳೇ ಕುಕ್ಕೆಯಲ್ಲಿ ನಾಲ್ಕು ಮರಿ ಹಾಕಿತ್ತು.

ನಮ್ಮದು ಲಿಂಗಪೂಜೆಯಾಗದೆ ಒಲೆ ಹೊತ್ತಿಸದ ಮನೆ. ಮೀನು, ಮಾಂಸದ ಹೆಸರನ್ನೂ ಆಡುತ್ತಿರಲಿಲ್ಲ. ಬೆಕ್ಕಿಗೆ ಮಜ್ಜಿಗೆಯಲ್ಲಿ ಕಿವುಚಿದ ಮುದ್ದೆ, ಅದೂ ಉಳಿದರೆ. ಉಳಿದ ಹೊಟ್ಟೆಯನ್ನು ಅದೇ ತುಂಬಿಸಿಕೊಳ್ಳುತ್ತಿತ್ತು. ಇಲಿಯಿಂದ ಎಷ್ಟೋ, ಕೆಳಗಿನ ಬೀದಿಯ ಮನೆಗಳಿಂದ ಎಷ್ಟೋ. ಅದು ಎಲ್ಲಿ ಹೋಗುತ್ತದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿತ್ತು, ಕಣ್ಣಿಗೆ ಕಾಣಿಸದ ತನಕ ಯಾರಿಗೂ ತೊಂದರೆ ಇರಲಿಲ್ಲ.

ಒಂದು ಬೆಳಿಗ್ಗೆ ಕಣ್ಣಿಗೆ ಕಾಣಿಸಿತು. ಮಾವನವರು ಮಣೆಯ ಮೇಲೆ ಕೂತು ಪೂಜೆಯಲ್ಲಿದ್ದರು. ಬೆಕ್ಕು ಹೊರಗಿನಿಂದ ಬಂದು, ಬಾಯಲ್ಲಿದ್ದ ಮೀನಿನ ತಲೆಯನ್ನು ಅವರ ತಂಬಿಗೆಯ ಪಕ್ಕ ಇಟ್ಟು, ಮರಿಗಳನ್ನು ಕರೆಯುವ ದನಿಯಲ್ಲಿ ಕೂಗಿತು. ಪಾಪ, ಅದಕ್ಕೆ ಆ ಜಾಗ ತಂಪಾಗಿ, ಚೊಕ್ಕಟವಾಗಿ ಕಂಡಿರಬೇಕು. ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಾವನವರು ಮಾತ್ರ ಎದ್ದು, ಮತ್ತೆ ಸ್ನಾನ ಮಾಡಿ, ಇಡೀ ಮನೆ ತೊಳೆಸಿ, ತಮ್ಮನನ್ನೂ ಮಗನನ್ನೂ ಜಗಲಿಗೆ ಕರೆದರು.

“ಕಟ್ಟಾಕ್ಲಾ ಅದ್ನ. ನಮ್ ಮನೇಲಿ ಇರೋ ಜೀವ ನಮ್ ಮನೆ ಊಟನೇ ಉಣ್ಬೇಕು” ಎಂದರು ಮಾವ, ನನ್ನ ಗಂಡನಿಗೆ.

“ಅಸ್ಕೊಂಡಿದ್ರೇ ಕಣಣ್ಣ ಬೆಕ್ಕು ಇಲಿ ಇಡ್ಯಾದು. ಒಟ್ಟೆ ತುಂಬಿದ್ರೆ ಮನಿಕಬುಡ್ತದೆ” ಎಂದರು ಚಿಕ್ಕಮಾವ.

ನನ್ನ ಗಂಡ ಏನೂ ಅನ್ನಲಿಲ್ಲ. ಅವರು ಅನ್ನದೆ ಇದ್ದದ್ದರ ಪಟ್ಟಿ ಬರೆಯಲು ಹೋದರೆ ನನ್ನ ಉಳಿದ ಆಯುಷ್ಯ ಸಾಲದು. ಎದ್ದು ಹೋಗಿ ಹಗ್ಗ ತಂದರು.

ಹುಳುಮನೆಯ ಬಾಗಿಲ ಕಂಬಕ್ಕೆ ಬೆಕ್ಕನ್ನು ಕಟ್ಟಿದರು. ಮಾವನವರು ಅದರ ಹಣೆಗೆ ವಿಭೂತಿಯನ್ನೂ ಹಚ್ಚಿದರು. ಸೋಮವಾರ ತಾವು ಒಪ್ಪೊತ್ತು ಇದ್ದಾಗ ಅದಕ್ಕೂ ಒಪ್ಪೊತ್ತು. ಕಟ್ಟಿದ ಬೆಕ್ಕು ಇಲಿ ಹಿಡಿಯುವುದು ಹೇಗೆ ಎಂದು ಆ ಮೂರು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಎರಡನೆಯ ದಿನಕ್ಕೇ ಇಲಿಗಳಿಗೆ ಹಗ್ಗದ ಉದ್ದ ಗೊತ್ತಾಯಿತು. ಮಟಮಟ ಮಧ್ಯಾಹ್ನ ಅದರ ಮುಂದೆಯೇ, ಒಂದು ಮಾರು ಆಚೆ, ರಾಜಾರೋಷವಾಗಿ ಓಡಾಡಿದವು. ಬೆಕ್ಕು ಹಾರಿ, ಹಗ್ಗ ಬಿಗಿದು, ಕೆಮ್ಮುತ್ತಾ ಬೀಳುತ್ತಿತ್ತು.

ಮುದ್ದೆಯನ್ನು ಮೂಸಿ ನೋಡಿ ಮುಖ ತಿರುಗಿಸುವುದು, ಹಸಿವು ತಡೆಯದೆ ನೆಕ್ಕುವುದು, ಆಮೇಲೆ ಕಕ್ಕುವುದು. ವಾರ ಕಳೆಯುವುದರೊಳಗೆ ಬೆನ್ನುಮೂಳೆ ಎಣಿಸುವಂತಾಯಿತು. ಮರಿಗಳು ಬತ್ತಿದ ಮೊಲೆಯನ್ನು ಎಳೆದೆಳೆದು ಕಿರುಚುತ್ತಿದ್ದವು. ಒಂದು ಮರಿ ಸತ್ತಿತು. ಅದರ ಹಿಂದೆಯೇ ಇನ್ನೊಂದು. ಎರಡನ್ನೂ ನಾನೇ ಅರಿಸಿನದ ಪಾತಿಯ ಬದುವಿನಲ್ಲಿ ಹೂತೆ.

ಅತ್ತೆಗೆ ಹೇಳಿದೆ. “ಗಂಡಸ್ರು ಏಳಿದ್ ಮೇಲೆ ಮುಗೀತು ಕಣವ್ವ. ನಾವ್ಯಾಕೆ ಬಾಯಾಕನ?” ಎಂದರು. ಗಂಡನಿಗೆ ಹೇಳಿದೆ. “ಬೆಕ್ಕಿಗೋಸ್ಕರ ಅಪ್ಪನ್ ತಾವ ಜಗಳ ಆಡ್ಲಾ? ನಿಂಗೇನ್ ತಲೆ ಕೆಟ್ಟದಾ ಅಮ್ಮಿ?” ಎಂದರು. ನನಗೆ ತಲೆ ಕೆಟ್ಟೇ ಇತ್ತು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಆ ಮನೆಯವರಿಗೆ ಮೂರು ಹೊತ್ತು ಬಿಸಿಬಿಸಿ ಬಡಿಸಿದೆ.

ಅದೇ ವಾರ ತವರಿನಿಂದ ಹೇಳಿಕಳುಹಿಸಿದರು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಎರಡು ದಿನದ ಮಟ್ಟಿಗೆ ಬಂದು ಹೋಗು ಎಂದು. ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಗಂಡಿನವರು ಬಂದರು, ಉಪ್ಪಿಟ್ಟು ತಿಂದರು, ತಂಗಿಯನ್ನು ಒಂದು ಸಲ ತಲೆ ಎತ್ತಿ ನೋಡಿದರು, ಹೋದರು. ನನ್ನ ಮನಸ್ಸು ಅಲ್ಲಿರಲಿಲ್ಲ. ಮಾರನೆಯ ದಿನ ಸಂತೆ. ಹೂವು ತರುತ್ತೇನೆ ಎಂದು ಸುಳ್ಳು ಹೇಳಿ ಹೊರಟೆ.

ಸಂತೆಯ ಕೊನೆಯಲ್ಲಿ ಒಣಮೀನಿನವರು ಕೂರುತ್ತಿದ್ದರು. ಕಲ್ಲಿಕೋಟೆಯ ಕಡೆಯಿಂದ ಘಟ್ಟ ಹತ್ತಿ ಲಾರಿಯಲ್ಲಿ ಬರುತ್ತಿದ್ದ ಮೀನು. ಹುಟ್ಟಿ ಬೆಳೆದ ಊರಿನಲ್ಲಿ ಆ ಸಾಲನ್ನು ನಾನು ಮೂಗು ಮುಚ್ಚಿಕೊಂಡು ದಾಟಿದ್ದೆನೇ ಹೊರತು ಒಂದು ದಿನವೂ ನಿಂತು ನೋಡಿದ್ದಿಲ್ಲ. ಆ ದಿನವೂ ಸೆರಗನ್ನು ಮೂಗಿಗೆ ಒತ್ತಿಕೊಂಡೇ ನಿಂತೆ. ತಲೆಗೆ ಬಿಳಿಯ ಬಟ್ಟೆ ಕಟ್ಟಿದ್ದ ಒಬ್ಬ ಮಲೆಯಾಳದ ಹೆಂಗಸು ನನ್ನ ಹಣೆಯ ವಿಭೂತಿಯನ್ನು, ಕೊರಳಿನ ಲಿಂಗದ ದಾರವನ್ನು ನೋಡಿ ನಗುತ್ತಾ, “ದಾರಿ ತಪ್ಪಿತಾ ಮೋಳೇ?” ಎಂದಳು, ಮಗಳನ್ನು ಕೇಳುವಂತೆ.

“ಬೆಕ್ಕಿಗೆ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಪೂಚ್ಚೆಗಾ!” ಎಂದು ಅವಳು ಸರಿಯಾಗಿ ತಿರುಗಿ ಕೂತಳು. “ಮರಿ ಉಂಟಾ? ಹಾಲು ಕೊಡ್ತದಾ?”

ಉಂಟು, ಕೊಡುತ್ತಿಲ್ಲ ಎಂದೆ. ಅವಳ ನಗು ನಿಂತಿತು. ಮುಂದಿನ ಕುಕ್ಕೆಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಮೀನಿಗೆ ನಾನು ಕೈ ತೋರಿಸಿದೆ. ಅವಳು ನನ್ನ ಕೈಯನ್ನು ಆಚೆ ತಳ್ಳಿದಳು. ಆ ಹೊಳಪು ಮೀನಿನದಲ್ಲ, ಉಪ್ಪಿನದು. ಮನುಷ್ಯರು ಸಾರಿನಲ್ಲಿ ಹಾಕಿಕೊಳ್ಳುತ್ತಾರೆ, ಬೆಕ್ಕು ಅದನ್ನು ತಿಂದರೆ ನೀರು ಕುಡಿದು ಕುಡಿದು ಸತ್ತುಹೋಗುತ್ತದೆ ಎಂದಳು. ಇನ್ನೊಂದು ರಾಶಿಯ ಮೀನಿನ ಹೊಟ್ಟೆ ಬಗೆದು ತೋರಿಸಿದಳು. ಒಳಗೆ ಹಳದಿ ಬಣ್ಣ, ಜಿಡ್ಡಿನ ನಾತ. ಅದೂ ಬೇಡ. ಮೂರನೆಯದು ಮರಳಿನ ಮೇಲೆ ಒಣಗಿಸಿದ್ದು, ಉಗುರಿನಿಂದ ಕೆರೆದರೆ ಮರಳು ಉದುರಿತು. ಕೊನೆಗೆ ಬೆನ್ನಿನ ಹಿಂದಿದ್ದ ಗೋಣಿಯಿಂದ ನೆತ್ತಲಿ ಎಂಬ ಬೆರಳಿನಷ್ಟು ಸಣ್ಣ ಮೀನು ತೆಗೆದಳು. ಉಪ್ಪು ಹಾಕದೆ ಚಾಪೆಯ ಮೇಲೆ ಬಿಸಿಲಿನಲ್ಲಿ ಒಣಗಿಸಿದ್ದು. ಒಂದನ್ನು ನನ್ನ ಕೈಗೆ ಕೊಟ್ಟು, “ಮುರಿ” ಎಂದಳು. ನಾನು ಹಿಂದೆಮುಂದೆ ನೋಡಿದೆ. “ಮುರಿ ಮೋಳೇ, ಕಚ್ಚಲ್ಲ.” ಮುರಿದೆ. ಟಕ್ಕೆಂದು ಎರಡು ತುಂಡಾಯಿತು. ಬಾಗಿದರೆ ಒಳಗೆ ಹಸಿ ಇದೆ, ಪುಡಿಯಾದರೆ ಹಳೆಯದು, ಹೀಗೆ ಟಕ್ಕೆಂದರೆ ಮಾತ್ರ ತೆಗೆದುಕೊ ಎಂದಳು. ನೀರಿನಲ್ಲಿ ಜಾಲಾಡಿ, ಮೆತ್ತಗೆ ಮಾಡಿ ಕೊಡು, ಒಮ್ಮೆಗೇ ಜಾಸ್ತಿ ಹಾಕಬೇಡ, ಉಪವಾಸ ಇದ್ದ ಹೊಟ್ಟೆ ಎಂದಳು.

ಒಂದು ಬೆಕ್ಕಿನ ಊಟಕ್ಕೆ ಅವಳು ಕೊಟ್ಟ ಗಮನದಲ್ಲಿ ಕಾಲುಭಾಗವನ್ನೂ ಹಿಂದಿನ ದಿನ ಬಂದವರು ನನ್ನ ತಂಗಿಗೆ ಕೊಟ್ಟಿರಲಿಲ್ಲ. ನನ್ನ ಸೆರಗು ಯಾವಾಗ ಮೂಗಿನಿಂದ ಜಾರಿತ್ತೋ ತಿಳಿಯದು. ಬಾಳೆಯ ಪಟ್ಟೆಯಲ್ಲಿ ಸುತ್ತಿದ ಮೀನನ್ನು ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಮಲ್ಲಿಗೆ ಹೂವು ಮುಚ್ಚಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರಕ್ಕೆ ಬಂದೆ.

ಹುಳುಮನೆಯ ಹತ್ತಿರ ಯಾವ ಕಟುವಾಸನೆಯೂ ಸುಳಿಯಬಾರದು, ಹುಳು ಕೆಡುತ್ತದೆ ಎನ್ನುತ್ತಿದ್ದರು. ಆದ್ದರಿಂದ ಗಂಡಸರು ಹೊಲಕ್ಕೆ ಹೋದ ಮೇಲೆ ಬೆಕ್ಕನ್ನು ಬಿಚ್ಚಿ, ಹಿತ್ತಲಿನಾಚೆ ಸೊಪ್ಪಿನ ಕಡ್ಡಿ ಒಟ್ಟಿದ್ದ ಜಾಗಕ್ಕೆ ಎತ್ತಿಕೊಂಡು ಹೋಗುತ್ತಿದ್ದೆ. ಒಡೆದ ಮಡಕೆಯ ಚೂರಿನಲ್ಲಿ ಮೀನು ನೆನೆಸಿ ಇಟ್ಟು, ತಿಂದ ಮೇಲೆ ತಂದು ಮತ್ತೆ ಕಟ್ಟುತ್ತಿದ್ದೆ. ಮೊದಲ ದಿನ ಅದು ತಿಂದದ್ದನ್ನು ನೋಡಿ ನನಗೆ ಅಳು ಬಂತು. ಕಣ್ಣು ಮುಚ್ಚಿಕೊಂಡು, ಗಂಟಲಿನಲ್ಲಿ ಗುರುಗುಟ್ಟುತ್ತಾ, ನನ್ನ ಬೆರಳನ್ನೂ ಬಿಡದೆ ನೆಕ್ಕಿತು. ಆಮೇಲೆ ನಾನು ಬೂದಿ, ಹುಣಿಸೆಹಣ್ಣು, ಅರಿಸಿನ ಎಲ್ಲ ಹಾಕಿ ಕೈ ತಿಕ್ಕಿದೆ. ಐದಾರು ದಿನಕ್ಕೆ ಮರಿಗಳ ಕಿರುಚಾಟ ನಿಂತಿತು. ಉಳಿದಿದ್ದ ಎರಡೂ ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದವು. “ನೋಡ್ದಾ, ಮಜ್ಜಿಗೆ ಮುದ್ದೆಗೇ ಎಂಗ್ ಮೈ ಬಂತು!” ಎಂದು ಚಿಕ್ಕಮಾವ ಅಣ್ಣನ ಮುಂದೆ ಹೆಮ್ಮೆಪಟ್ಟರು. ಅವರ ಮೇಲೆ ನೀರು ಸುರಿಯುವಷ್ಟು ಸಿಟ್ಟು ಬಂತು ನನಗೆ. ಕೈಯಲ್ಲಿದ್ದ ಕೊಡವನ್ನು ಒಳಗೆ ತಂದಿಟ್ಟೆ.

ಒಂದು ದಿನ ಮಾವನವರು ಹೊಲದಿಂದ ಬೇಗ ಬಂದರು. ಕಡ್ಡಿ ರಾಶಿಯ ಪಕ್ಕ ಮಡಕೆಯ ಚೂರು, ಅದರ ಅಂಚಿಗೆ ಅಂಟಿದ್ದ ಮೀನಿನ ಬಾಲ ಕಣ್ಣಿಗೆ ಬಿತ್ತು. ಅದೇ ಹೊತ್ತಿಗೆ ನಮ್ಮ ಮನೆಗೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸು ತಲೆಯ ಮೇಲಿನ ಹೊರೆ ಇಳಿಸುತ್ತಿದ್ದಳು. ಕೆಳಗಿನ ಬೀದಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಮಾವನವರು ಬೇರೆ ಯಾರನ್ನೂ ಕೇಳಲಿಲ್ಲ. ಕೇಳಬೇಕು ಅಂತಲೂ ಅವರಿಗೆ ಅನ್ನಿಸಲಿಲ್ಲ.

“ನಮ್ ಇತ್ಲಲ್ಲಿ ಮೀನ್ ತಂದಾಕೀಯಾ? ಉಳ ಸಾಯ್ಸನ ಅಂತ್ಲಾ? ನಾಳೆಯಿಂದ ಇತ್ತಗೆ ಕಾಲಿಡ್ಬ್ಯಾಡ!”

ನಾನು ಬಾಗಿಲಲ್ಲಿ, ಅವರ ಜೊತೆ ಹೊಲದಿಂದ ಬಂದಿದ್ದ ಗಂಡನ ಪಕ್ಕ ನಿಂತಿದ್ದೆ. ಕೈ ಇನ್ನೂ ಒದ್ದೆಯಾಗಿತ್ತು. ನಾನು ತಂದದ್ದು, ನಾನು ಹಾಕಿದ್ದು ಎನ್ನಲು ಎಷ್ಟು ಹೊತ್ತು ಬೇಕು? ಒಂದು ಉಸಿರು ಸಾಕು. ನನ್ನನ್ನು ಏನು ಮಾಡುತ್ತಿದ್ದರು? ಬೈಯುತ್ತಿದ್ದರು, ತವರಿಗೆ ಕಳುಹಿಸಿ ಒಂದು ತಿಂಗಳಿಗೆ ಮತ್ತೆ ಕರೆಸಿಕೊಳ್ಳುತ್ತಿದ್ದರು. ಅವಳಿಗೆ ಹೋದದ್ದು ಹುಳು ಎದ್ದು ರಾಶಿ ರಾಶಿ ಸೊಪ್ಪು ಮೇಯುವ ಕಾಲದ ದಿನದ ಕೂಲಿ. ಇಷ್ಟೆಲ್ಲ ನನಗೆ ಆಗಲೇ ಗೊತ್ತಿತ್ತು. ಆದರೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಗಂಡನ ಮೌನಕ್ಕೆ ಅಷ್ಟು ಹಲ್ಲು ಕಡಿದವಳು, ಅವರ ಪಕ್ಕದಲ್ಲೇ ಅವರಂತೆಯೇ ನಿಂತಿದ್ದೆ.

ಅವಳು ಮಡಕೆಯ ಚೂರನ್ನು ನೋಡಿದಳು. ಬೆಕ್ಕನ್ನು ನೋಡಿದಳು. ನನ್ನ ಕೈಯನ್ನು ನೋಡಿದಳು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

“ಆಯ್ತು ಬುದ್ದಿ. ಕೆಟ್ಟೋದ್ ಬೆಕ್ಕು ನಿಮ್ಗ್ಯಾಕೆ? ನಂಗಾರ ಕೊಟ್ಬುಡಿ” ಎಂದಳು.

ಮೈಲಿಗೆಯಾದ ಬೆಕ್ಕು ಮಾವನವರಿಗೂ ಬೇಡವಾಗಿತ್ತು. ತಾವೇ ಹಗ್ಗ ಬಿಚ್ಚಿಸಿದರು. ಬೆಕ್ಕನ್ನೂ ಎರಡು ಮರಿಗಳನ್ನೂ ಅವಳು ಸೊಪ್ಪಿನ ಕುಕ್ಕೆಯಲ್ಲಿ ಹಾಕಿಕೊಂಡು ಹೋದಳು. ಆ ಬೆಳೆಯ ಅರ್ಧ ಹುಳು ಇಲಿಯ ಪಾಲಾಯಿತು. ನನಗೆ ಅದರಿಂದ ಒಂದಿಷ್ಟೂ ದುಃಖವಾಗಲಿಲ್ಲ.

ಮಳೆ ಶುರುವಾಗುವ ಮುಂಚೆ ಒಂದು ದಿನ ಬಾವಿಯ ಹತ್ತಿರ ಅವಳು ಸಿಕ್ಕಿದಳು. ಬೇರೆಯವರ ತೋಟದಲ್ಲಿ ಅರಿಸಿನ ಬಿತ್ತನೆಗೆ ಹೋಗುತ್ತಿದ್ದಳು. ನನ್ನ ಕೊಡ ಕೈಯಲ್ಲೇ ಉಳಿಯಿತು. ಉಗಿಯುತ್ತಾಳೆ, ಉಗಿಯಲಿ ಎಂದುಕೊಂಡೆ. ಬೈದಿದ್ದರೆ ನನ್ನ ಎದೆಯ ಭಾರ ಸ್ವಲ್ಪವಾದರೂ ಇಳಿಯುತ್ತಿತ್ತು. ಅವಳು ದೂರದಲ್ಲೇ ನಿಂತು, ನೆನ್ನೆ ಮೊನ್ನೆ ಮಾತಾಡಿದವಳಂತೆ ಕೇಳಿದಳು:

“ಅವ್ವಾರೇ, ಆ ಮೀನ್ ಎಲ್ ತಂದಿದ್ರಿ? ಮೊದ್ಲು ನಮ್ ಬೀದೀಲೇ ತಿಂತಿತ್ತು, ಈಗ ನಮ್ ಮೀನ್ ಆಕುದ್ರೆ ಮೂಸ್ಬುಟ್ಟು ಓಯ್ತದೆ ಕನ್ರವ್ವಾ. ಮರಿಗೋಳು ದೊಡ್ಡೋವಾದೊ, ತಾಯಿ ಮತ್ತೆ ಸೊರಗ್ತಾ ಅದೆ.”

ಗುಂಡ್ಲುಪೇಟೆಯ ಸಂತೆಯ ಕೊನೆಯ ಸಾಲು, ತಲೆಗೆ ಬಿಳಿಬಟ್ಟೆ ಕಟ್ಟಿದವಳು, ಹಿಂದಿನ ಗೋಣಿಯದ್ದನ್ನೇ ಕೇಳು, ಮುರಿದು ನೋಡು. ಎಲ್ಲವನ್ನೂ ಹೇಳಿದೆ. ಆದರೆ ಹೇಳುವುದಕ್ಕೆ ಮುಂಚೆ ಹಿಂದಕ್ಕೆ ತಿರುಗಿ, ನಮ್ಮ ಮನೆಯವರು ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡಿದೆ. ನಾನು ಹಾಗೆ ತಿರುಗಿ ನೋಡಿದ್ದನ್ನು ಅವಳು ನೋಡಿದಳು.