ಮಾವಶಿ ಬೀಜಕ್ಕಿಟ್ಟ ಬಡಕಲು ಗಿಡ

ಮೊನ್ನೆ ನಿಪ್ಪಾಣಿ ಹತ್ತಿರದ ಹೊಲವೊಂದರಲ್ಲಿ ಸೋಯಾಬೀನ್ ಗಿಡ ಹಿಡಿದುಕೊಂಡು ಕುಣಿದುಬಿಟ್ಟೆ. (ವಯಸ್ಸು ಕೇಳಬೇಡಿ.)

ಹೊಲ ನಮ್ಮ ಮಾವಶಿಯದು, ಅಂದರೆ ಅವ್ವನ ತಂಗಿಯದು. ಆಕೆಯ ಮನೆ ಬೀಜಕ್ಕೆ ಊರಲ್ಲೆಲ್ಲ ಹೆಸರು. ಆದರೆ ಈಚೆಗೆ ಅದಕ್ಕೆ ಬೇರುಗಂಟಿನ ಹುಳು ಬಿದ್ದಿದೆ. ಕಣ್ಣಿಗೆ ಕಾಣದ ಹುಳು. ಅದು ಒಳಹೊಕ್ಕರೆ ಗಿಡದ ಬೇರು ಗಂಟುಗಂಟಾಗಿ ಊದುತ್ತದೆ. (ಬೇರಿನಲ್ಲಿದ್ದು ಗಿಡಕ್ಕೆ ಒಳ್ಳೆಯದು ಮಾಡುವ ಗುಳ್ಳೆಗಳು ಬೇರೆ. ಅವು ಉಗುರು ತಾಗಿದರೆ ಉದುರುತ್ತವೆ, ಈ ಗಂಟು ಜಪ್ಪಯ್ಯ ಅಂದರೂ ಉದುರದು.) ಈಗ ಆ ಬೀಜ ಉಳಿಸಿಕೊಳ್ಳುವುದು ಹೇಗೆ?

ಮಾವಶಿಯ ಮಗಳು ಸುಜಾತಾ ಕೃಷಿ ಕಾಲೇಜಿನವಳು. ಹುಳುವಿಗೆ ಜಗ್ಗದ ತಳಿಯೊಂದನ್ನು ತಂದು ಮನೆ ಬೀಜದ ಜೊತೆ ಕ್ರಾಸ್ ಮಾಡಿದಳು. ಮೊದಲ ಪೀಳಿಗೆ ಬಂತು. ಎಲ್ಲದರ ಬೇರಿಗೂ ಗಂಟು.

"ಸಾಕ ಬಿಡವಾ, ಬ್ಯಾರೆ ಬೀಜ ತರೂಣು," ಎಂದಳು ಮಾವಶಿ.

"ಗುಣ ಎಲ್ಲೂ ಹೋಗಿಲ್ಲ ಬೇ ಅವ್ವಾ, ಒಳಗ ಅಡಗೇತಿ. ಮೊಮ್ಮಕ್ಕಳ ತನಕಾ ತಡಿ," ಎಂದಳು ಮಗಳು.

ಈ ಸಲ ಮೊಮ್ಮಕ್ಕಳು, ಅಂದರೆ ಎರಡನೆಯ ಪೀಳಿಗೆಯ ಗಿಡಗಳು, ಬೆಳೆದು ನಿಂತವು. ಕಿತ್ತು ನೋಡೋಣವೆಂದರೆ ಮಾವಶಿ ಬಿಡಬೇಕಲ್ಲ? ಜೈನರ ಮನೆ. ಹಸಿರು ಗಿಡವನ್ನು ಬೇರುಸಹಿತ ಕೀಳುವುದು ಆಕೆಗೆ ಹಿಂಸೆ. "ತಾನ ಒಣಗಲಿ, ಆಮ್ಯಾಲ ಕೀಳ್ರಿ." ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದ ಹಾಗೆ ಕಾದೆವು.

ಮೊನ್ನೆ ಶುರು ಮಾಡಿದೆವು. ಗಂಟು. ಗಂಟು. ಗಂಟು. ಮತ್ತೆ ಗಂಟು. ಸುಜಾತಾಳ ಮುಖ ಸಣ್ಣಗಾಯಿತು. ಐದನೆಯದು ಬಂತು ನೋಡಿ, ಬೇರು ತೊಳೆದಿಟ್ಟಷ್ಟು ಸ್ವಚ್ಛ! ಸ್ವಲ್ಪ ಮುಂದೆ ಇನ್ನೊಂದು. ಸಾಲು ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದು. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ತಳಿಶಾಸ್ತ್ರದ ಪಾಠ ಕಣ್ಣೆದುರೇ ನಿಜವಾದರೆ ಕುಣಿಯದೆ ಇರಲಾದೀತೆ?

ಮಾವಶಿ ಕುಣಿಯಲಿಲ್ಲ. ಕಾಯಿ ತುಂಬಿ ಜೋತುಬಿದ್ದ ಗಿಡ ನೋಡಿ ಬೀಜಕ್ಕೆ ಇಡುವುದು ಆಕೆಯ ಅತ್ತೆ ಕಲಿಸಿದ ರೂಢಿ. ಕೈ ಅಂಥದ್ದಕ್ಕೇ ಹೋಯಿತು. ಅದರ ಬೇರು ತುಂಬ ಗಂಟು. ಸುಜಾತಾ ಎತ್ತಿಕೊಟ್ಟ ಸ್ವಚ್ಛ ಬೇರಿನ ಗಿಡದಲ್ಲಿ ಕಾಯಿ ಅಷ್ಟಕ್ಕಷ್ಟೇ.

"ಇಂಥಾ ಬಡಕಲ ಗಿಡ ಬೀಜಕ್ಕ ಇಡೂದಾ?"

"ಕಾಯಿ ಮುಂದ ಹೆಚ್ಚ ಮಾಡೂಣು ಅವ್ವಾ. ಇದರ ಮಕ್ಕಳ ಬೇರು ಎಲ್ಲಾ ಹಿಂಗ ಇರ್ತಾವ."

ಮಾವಶಿ ಬೇರಿನುದ್ದಕ್ಕೂ ಉಗುರು ಎಳೆದು ನೋಡಿದಳು. ಆಮೇಲೆ ಆ ಬಡಕಲು ಗಿಡದ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿಗೆ ಹಾಕಿಕೊಂಡಳು. ಕಾಯಿ ಜೋತುಬಿದ್ದದ್ದನ್ನು ರಾಶಿಗೆ ಎಸೆದಳು.

ಕಾಯಿ ಕಮ್ಮಿ ಎಂದು ಇಷ್ಟು ವರ್ಷ ಇಂಥ ಎಷ್ಟು ಗಿಡಗಳನ್ನು ಬೇರು ನೋಡದೆಯೇ ಕೊಯ್ದು, ಕಾಳನ್ನು ಎಣ್ಣೆ ಮಿಲ್ಲಿಗೆ ಕಳಿಸಿದೆವೋ?