ಹೀರೆಬಳ್ಳಿಗೆ ಬಿದ್ದ ಕಣ್ಣು

ಟಿಳಕವಾಡಿಯ ನಮ್ಮ ಮನೆಯ ಬಾಗಿಲ ಚೌಕಟ್ಟಿನ ಕೆಳಗೆ ಮೊನ್ನೆ ಸಂಜೆ ಹಳದಿ ಮರದಪುಡಿ ಬಿದ್ದಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಖಾನಾಪುರದ ನಮ್ಮ ಹಳೆಯ ಮನೆಯ ಪಡಸಾಲೆಯೇ ಮೂಗಿಗೆ ಬಂತು. ಅಲ್ಲಿಯ ತೊಲೆಗಳಲ್ಲಿ ಕರಿದುಂಬಿಗಳು ದುಂಡನೆಯ ತೂತು ಕೊರೆದು ಸಂಸಾರ ಹೂಡಿದ್ದವು. ನಮ್ಮದು ಜೈನರ ಮನೆ, ಅವನ್ನು ಕೊಲ್ಲುವ ಮಾತೇ ಇರಲಿಲ್ಲ. ಆಗ, ನಿಮಗೂ ನೆನಪಿರಬಹುದು, ದೀಪ ಹಚ್ಚಿದರೆ ಸಾಕು, ಹೆಸರೇ ಗೊತ್ತಿಲ್ಲದ ಹುಳಗಳು ಮುತ್ತುತ್ತಿದ್ದವು. ಅವು ತಾಟಿಗೆ ಬಿದ್ದು ಸಾಯಬಾರದೆಂದು ಅಜ್ಜಿ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುತ್ತಿದ್ದಳು. ಹಿತ್ತಲ ಗೋಡೆಯ ಈಚೆ ಅಜ್ಜಿಯ ಹೀರೆಬಳ್ಳಿ, ಆಚೆ ನೆರೆಮನೆಯ ಸುಮನ್ ಕಾಕುವಿನದು. ಸಂಜೆ ಹೂ ಅರಳುವ ಹೊತ್ತಿಗೆ ಇಬ್ಬರೂ ಗೋಡೆಗೆ ಆತು ನಿಂತು, ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಮರಾಠಿಯಲ್ಲಿ, ಹಾಲಿನವನಿಂದ ಹಿಡಿದು ಊರನ್ನೆಲ್ಲ ಅನುಮಾನಿಸುತ್ತಿದ್ದರು. ತಮ್ಮತಮ್ಮಲ್ಲಿ ಮಾತ್ರ ಅನುಮಾನವಿರಲಿಲ್ಲ.

ಒಂದು ವರ್ಷ, ತೊಲೆ ಟೊಳ್ಳಾಗಿ ಮಾಡು ಕುಸಿದೀತೆಂಬ ಅನುಮಾನ ಅಪ್ಪನಿಗೆ ಹತ್ತಿತು. ದುಂಬಿಗಳು ಹೊರಗೆ ಹೋದ ಹೊತ್ತು ನೋಡಿ ತೂತುಗಳಿಗೆಲ್ಲ ಮೇಣ ಮೆತ್ತಿದ.

"ಜೀವಕ್ಕೇನೂ ಆಗಿಲ್ಲಲ್ಲ?" ಅಜ್ಜಿ ಕೇಳಿದಳು.

"ಇಲ್ಲವ್ವಾ, ಎಲ್ಲಾ ಹಾರಿ ಹೋಗ್ಯಾವ."

ಒಳಗೆ ಮರಿಗಳಿದ್ದವೇ ಎಂದು ಯಾರೂ ಕೇಳಲಿಲ್ಲ. ಆ ಮಳೆಗಾಲ ನಮ್ಮ ಬಳ್ಳಿಯ ಎಳೆಗಾಯಿಗಳು ಹಳದಿಗೆ ತಿರುಗಿ ಉದುರತೊಡಗಿದವು. "ಸುಮನ್‌ದ ಕಣ್ಣು ಬಿದ್ದೈತಿ," ಎಂದಳು ಅಜ್ಜಿ, ಮೊದಲು ಪಿಸುಮಾತಿನಲ್ಲಿ, ಆಮೇಲೆ ಗೋಡೆಯಾಚೆ ಕೇಳುವಂತೆ. ದೃಷ್ಟಿ ತಾಗದಿರಲೆಂದು ಬಳ್ಳಿಗೆ ಹಳೆಯ ರಬ್ಬರ್ ಚಪ್ಪಲಿ ಕಟ್ಟಿದಳು. ಕಾಕುವಿನ ಬಳ್ಳಿಯೂ ಉದುರುತ್ತಿತ್ತು. ಆಕೆಯೂ ಒಂದು ಚಪ್ಪಲಿ ಕಟ್ಟಿದಳು. ಅಲ್ಲಿಗೆ ಅವರಿಬ್ಬರ ಮಾತು ನಿಂತಿತು, ಮತ್ತೆ ಶುರುವಾಗಲೇ ಇಲ್ಲ.

ಅಜ್ಜಿ ತೀರಿಕೊಂಡ ದಿನ ಕಾಕು ಬಂದು ಹೊಸ್ತಿಲಲ್ಲೇ ನಿಂತಳು. "ಖರೇ ಹೇಳ್ತೀನಿ, ನಿಮ್ಮ ಬಳ್ಳಿಗೆ ನಾ ಕಣ್ಣ ಹಾಕಿದ್ದಿಲ್ಲ," ಎಂದಳು, ಅಜ್ಜಿಯ ಕನ್ನಡದಲ್ಲೇ. ನಮಗಲ್ಲ, ಮಲಗಿಸಿದ್ದ ಅಜ್ಜಿಗೆ.

ನಿನ್ನೆ ಸಂಜೆ, ಇಲ್ಲಿಯ ಚೌಕಟ್ಟಿಗೆ ದುಂಬಿ ಕೊರೆದ ತೂತು ಮುಚ್ಚಲು ಬಡಿಗನನ್ನು ಕರೆಸಿದ್ದೆ. ಅವನು ಚೀಲ ಬಿಚ್ಚುವಷ್ಟರಲ್ಲಿ ದುಂಬಿ ಹೊರಬಿತ್ತು. ಅನುಮಾನ ನಮ್ಮ ಮನೆತನದ ಗುಣ, ಎಲ್ಲಿಗೆ ಹೊರಟಿತೆಂದು ಬೆನ್ನು ಹತ್ತಿದೆ. ತಾರಸಿಯಲ್ಲಿ ನಾನು ಕುಂಡದಲ್ಲಿ ಬೆಳೆಸಿದ್ದ ಹೀರೆಗೇ ಹೋಯಿತು. ಗಂಡು ಹೂವಿನಲ್ಲಿ ಹೊರಳಾಡಿ, ಮೈತುಂಬ ಪರಾಗ ಹೊತ್ತುಕೊಂಡು ಹೆಣ್ಣು ಹೂವಿಗೆ ಇಳಿಯಿತು. ಅಪ್ಪ ಮೆತ್ತಿದ ಮೇಣ ನೆನಪಾಯಿತು: ಪರಾಗ ತರುವ ದುಂಬಿಗಳಿಲ್ಲದೆ ಆ ವರ್ಷ ಎರಡೂ ಬಳ್ಳಿಗಳ ಕಾಯಿ ಉದುರಿದ್ದವು.

"ಮುಚ್ಚೂಣೇನ್ರಿ?" ಬಡಿಗ ಕೆಳಗಿನಿಂದ ಕೂಗಿದ.

"ಬ್ಯಾಡ," ಎಂದೆ.

ಕಾಕು ಹೇಳಿದ್ದು ಖರೆ ಎಂದು ಅಜ್ಜಿಗೆ ಹೇಳಬೇಕೆನಿಸಿತು. ಖಾನಾಪುರದಲ್ಲಿ ಈಗ ಆ ಗೋಡೆ ಇಲ್ಲ, ಅದರ ಎರಡೂ ಕಡೆ ನಿಂತವರೂ ಇಲ್ಲ.