ಸುಬ್ಬಲಕ್ಷ್ಮಮ್ಮನವರ ಎರಡನೇ ಪ್ರತಿ

ಜೀವನ್ ಬಿಮಾ ನಗರದ ಸುಬ್ಬಲಕ್ಷ್ಮಮ್ಮನವರಿಗೆ ಗಂಡನ ಆತ್ಮಕಥೆಯೆಂದರೆ ಅಷ್ಟಕ್ಕಷ್ಟೆ. ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಕುರ್ಚಿ ಬಿಸಿ ಮಾಡಿದ್ದನ್ನು ಶ್ರೀಕಂಠಯ್ಯನವರು ಆರು ನೋಟ್‌ಬುಕ್ಕು ತುಂಬ ಬರೆದಿದ್ದರು, ಅದೂ ಹಾಳೆಯ ಒಂದೇ ಮಗ್ಗುಲಿಗೆ. ಎರಡೂ ಕಡೆ ಬರೆದರೆ ಘನತೆಗೆ ಕುಂದಂತೆ! "ಅದ್ರಲ್ಲಿ ನಾನೆಲ್ಲಿದೀನ್ರೀ?" ಎಂದು ಆಕೆ ಒಮ್ಮೆ ಕೇಳಿದ್ದಕ್ಕೆ, "ಮೂರನೇ ಅಧ್ಯಾಯದಲ್ಲಿದೀಯಲ್ಲ, ನನ್ನ ಮದುವೆ ಆಯ್ತು ಅಂತ" ಎಂದಿದ್ದರು.

ಅದನ್ನು ಮನೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ರಾಮಮೂರ್ತಿ ನಗರದಿಂದ ಶನಿವಾರ, ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಬರುತ್ತಿದ್ದವಳು ಸುಜಾತಾ, ಯಾದಗಿರಿ ಕಡೆಯವಳು. ಮೂರು ಗಂಟೆಗೆ ಯಜಮಾನರ ಗೊರಕೆ ಶುರುವಾದರೆ ಅವರ ಕಥೆ ಬದಿಗೆ, ಸುಬ್ಬಲಕ್ಷ್ಮಮ್ಮನವರದು ಮುಂದಕ್ಕೆ. ಕೈ ನಡುಗುವ ಆಕೆಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ, ನಾಲಿಗೆಗೆ ಮಾತ್ರ ನಡುಕವೆಂಬುದೇ ಗೊತ್ತಿರಲಿಲ್ಲ. ಎಸ್ಸೆಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ವಾರವೇ ತನ್ನನ್ನು ಧಾರೆಯೆರೆದದ್ದು, ಹನ್ನೊಂದು ವರ್ಗಾವಣೆಗೆ ಹನ್ನೊಂದು ಸಲ ಅಡುಗೆಮನೆ ಹೂಡಿದ್ದು, ಯಾವ ಮ್ಯಾನೇಜರನ ಎದುರು ಗಂಡ ಹೇಗೆ ಹಲ್ಲುಗಿಂಜಿದರೆನ್ನುವುದು, ಎಲ್ಲವನ್ನೂ ಆಕೆ ಪಿಸುದನಿಯಲ್ಲಿ ಹೇಳಿದರೆ ಸುಜಾತಾ ಕುಟ್ಟುತ್ತಿದ್ದಳು. ಎರಡು ವರ್ಷಕ್ಕೆ ಇನ್ನೂರು ಪುಟವಾಗಿತ್ತು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಅರವತ್ತೈದು ವರ್ಷದಲ್ಲಿ ಆಕೆ ತನ್ನದೆಂದು ಮಾಡಿಟ್ಟುಕೊಂಡದ್ದು ಅದೊಂದೇ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಕಟಕಟ ಸದ್ದು ಹುಟ್ಟಿತು. ಶಿವಾಜಿನಗರದ ರಿಪೇರಿಯ ಅಸ್ಗರ್ ಶನಿವಾರ ಬಂದವನೇ ಕಿವಿಗೊಟ್ಟು ಕೇಳಿ, "ಹಾರ್ಡ್ ಡಿಸ್ಕ್ ಹೋಗ್ತಾ ಇದೆ ಸಾರ್, ಬೇಗ ಬದಲಾಯಿಸ್ಬೇಕು" ಎಂದ. ಹೊಸದನ್ನು ಕೂರಿಸಿ, ಹಳೆಯದನ್ನು ಪಕ್ಕಕ್ಕೆ ಜೋಡಿಸಿ, ಇದ್ದಬದ್ದದ್ದನ್ನೆಲ್ಲ ಹೊಸದಕ್ಕೆ ಇಳಿಸಿದ. ಕೊನೆಯ ಫೈಲು ದಾಟಿದ ಹತ್ತು ನಿಮಿಷಕ್ಕೆ ಹಳೆಯದು ಶಾಶ್ವತವಾಗಿ ಸುಮ್ಮನಾಯಿತು.

"ಎಲ್ಲಾ ಬಂದಿದೆ ಸಾರ್, ಡಿ ಡ್ರೈವ್‌ನಲ್ಲಿದೆ. ಆದ್ರೆ ಕನ್ನಡ ಅಕ್ಷರದ ಸಿ.ಡಿ. ಸುಜಾತಾ ಮೇಡಂ ಹತ್ರ ಇದೆ. ಅದು ಹಾಕೋವರ್ಗೂ ಕನ್ನಡ ಕಾಣ್ಸಲ್ಲ. ಸೋಮವಾರ ಅವ್ರು ಬರೋ ತನಕ ಏನೂ ಮುಟ್ಬೇಡಿ."

"ನನಗೇ ಹೇಳ್ಕೊಡ್ತೀಯೇನಯ್ಯಾ?" ಎಂದರು ಶ್ರೀಕಂಠಯ್ಯ. ನಿವೃತ್ತರಾದ ಮೇಲೆ ಆರು ವಾರ ಕಂಪ್ಯೂಟರ್ ಕ್ಲಾಸಿಗೆ ಹೋಗಿಬಂದ ಪಂಡಿತರಲ್ಲವೇ! ಅಲ್ಲಿ ಕಲಿತದ್ದರಲ್ಲಿ ಅವರಿಗೆ ನೆನಪಿದ್ದದ್ದು ಫಾರ್ಮ್ಯಾಟ್ ಮಾಡುವುದು, ಅಂದರೆ ಇದ್ದದ್ದನ್ನೆಲ್ಲ ಅಳಿಸಿಹಾಕುವುದೊಂದೇ.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ತಮ್ಮ ಆತ್ಮಕಥೆ ತೆರೆದರು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ಕೊಂಬು, ಕೆಲವಕ್ಕೆ ಬಾಲ.

"ವೈರಸ್ಸು ಕಣೇ! ಆ ಗುಜರಿಯವನು ಊರ ಕೊಳೇನೆಲ್ಲ ತಂದು ನಮ್ಮನೇಲಿ ಸುರಿದಿದಾನೆ."

"ಸೋಮವಾರದ ತನಕ ಮುಟ್ಬೇಡಿ ಅಂದಿದಾನಲ್ರೀ."

"ನಿನಗೇನು ಗೊತ್ತು? ಹೋಗಿ ಹುಳಿಗೆ ಒಗ್ಗರಣೆ ಹಾಕು."

ಸುಬ್ಬಲಕ್ಷ್ಮಮ್ಮನವರು ಹೋದರು. ಸಾಸಿವೆ ಸಿಡಿಯುವಷ್ಟರಲ್ಲಿ ಈ ಮಹಾನುಭಾವರು ಡಿ ಡ್ರೈವನ್ನು ಗುಡಿಸಿ ಸಾರಿಸಿ ಮುಗಿಸಿದ್ದರು. ಅಷ್ಟಕ್ಕೇ ಬಿಟ್ಟರೆ? ಶುದ್ಧಿಯಾಗಲೆಂದು ಹದಿನಾಲ್ಕು ಸಿ.ಡಿ. ಭಜನೆ, ಹರಿಕಥೆಗಳನ್ನು ಅದರೊಳಗೆ ತುಂಬಿದರು.

ಸೋಮವಾರ ಸುಜಾತಾ ತನ್ನ ಸಿ.ಡಿ. ಹಾಕಿ ನೋಡಿದಳು. ಹರಿಕಥೆಯ ಹೊರತು ಏನೂ ಇರಲಿಲ್ಲ. ನಡೆದದ್ದನ್ನು ಕೇಳಿ ಅವಳ ಮುಖ ಬಿಳಿಚಿಕೊಂಡಿತು.

"ಅದು ವೈರಸ್ ಅಲ್ರಿ ಸರ್. ಅದೇ ಕನ್ನಡ ಇತ್ರಿ. ಈ ಸಿ.ಡಿ. ಹಾಕಿದ್ರ ಎಲ್ಲಾ ನೆಟ್ಟಗ ಕಾಣ್ತಿತ್ತು."

ಅಸ್ಗರನಿಗೆ ಫೋನ್ ಹೋಯಿತು. "ಅದರ ಮೇಲೆ ಬೇರೆ ತುಂಬಿಬಿಟ್ರಾ? ಇನ್ನು ಸಿಗಲ್ಲ ಸಾರ್" ಎಂದು ಅವನು ಫೋನ್ ಇಟ್ಟುಬಿಟ್ಟ.

ಶ್ರೀಕಂಠಯ್ಯ ಒಂದು ಗಳಿಗೆ ಕೆಮ್ಮಿ, "ಹೋಗ್ಲಿ ಬಿಡು. ನನ್ನ ನೋಟ್‌ಬುಕ್ ಇದೆಯಲ್ಲ, ಮತ್ತೆ ಟೈಪ್ ಮಾಡಿದ್ರಾಯ್ತು. ನಷ್ಟ ಏನೂ ಇಲ್ಲ" ಎಂದರು.

ಸುಬ್ಬಲಕ್ಷ್ಮಮ್ಮನವರಿಗೆ ನಲವತ್ತೇಳು ವರ್ಷ ಈ ಮನುಷ್ಯನ ಮಾತಿಗೆ ಹೂಂಗುಟ್ಟಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಂದೂ ಇತ್ತು ಅದ್ರಲ್ಲಿ. ಇನ್ನೂರು ಪುಟ."

"ನಿಂದಾ?" ಅವರು ಗಹಗಹಿಸಿ ನಕ್ಕರು. "ಬರೆಯೋಕೆ ನಿನ್ನ ಹತ್ರ ಏನಿತ್ತೇ? ಹುಳಿಪುಡಿ ಅಳತೇನಾ?"

ಸುಜಾತಾ ಕಣ್ಣೊರೆಸಿಕೊಂಡಳು. ಸುಬ್ಬಲಕ್ಷ್ಮಮ್ಮ ಅಳಲಿಲ್ಲ. ಎದ್ದು ಹೋಗಿ ಬೀರುವಿನಿಂದ ಗಂಡನ ಒಂದನೇ ನೋಟ್‌ಬುಕ್ ತಂದು, ಮೊದಲ ಹಾಳೆಯನ್ನು ಮಗುಚಿ, ಖಾಲಿ ಮಗ್ಗುಲನ್ನು ಸುಜಾತಾಳ ಮುಂದೆ ಚಾಚಿದರು.

"ತಗೋ ಪೆನ್ನು. ಮೊದಲ್ನಿಂದ ಹೇಳ್ತೀನಿ. ಇನ್ಮೇಲೆ ಮೂರು ಗಂಟೆಗೆ ಕಾಯೋದಿಲ್ಲ, ಪಿಸುಗುಟ್ಟೋದೂ ಇಲ್ಲ. ಬರ್ಕೋ: ನನ್ನ ಗಂಡನಿಗೆ ತಾನೇ ಬರೆದ ಕನ್ನಡ ವೈರಸ್ಸಿನ ಥರ ಕಾಣಿಸ್ತು."

"ಏಯ್, ಅದು ನನ್ನ ನೋಟ್‌ಬುಕ್!" ಶ್ರೀಕಂಠಯ್ಯ ಕೈ ಚಾಚಿದರು.

"ಹರೀರಿ" ಎಂದರು ಆಕೆ. "ಹರಿದ್ರೆ ಹಿಂದಿನ ಮಗ್ಗುಲಲ್ಲಿ ನೀವು ಕೆಲಸಕ್ಕೆ ಸೇರಿದ್ದೂ ಹರಿಯುತ್ತೆ."

ಚಾಚಿದ ಕೈ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಯಿತು. ಸುಜಾತಾ ಬರೆಯತೊಡಗಿದಳು.